ಮುಖ ಓಡುವುದಿಲ್ಲ

ಓಡುತ್ತಿರುವವರ ಮುಖವನ್ನು ತಿದ್ದಲು ಹೋಗುವವರನ್ನು ಕಂಡರೆ ನನಗೆ ಆಗದು. ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನಲ್ಲಿ ಇಂಥವರು ಗುಂಪಿಗೊಬ್ಬರಾದರೂ ಇದ್ದೇ ಇರುತ್ತಾರೆ. ಮೊನ್ನೆ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಹಲ್ಲು ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಒಳ್ಳೆಯ ವೇಗದಲ್ಲಿ ಬರುತ್ತಿದ್ದಳು. ಬೆಂಚಿನ ಮೇಲೆ ಕಾಲಿಟ್ಟು ತೊಡೆ ಸಡಿಲಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು, "ಮುಖ ಹಾಗೆ ಕಿವುಚಬೇಡಮ್ಮ, ನಗ್ತಾ ಓಡು. ಭುಜ ಸಡಿಲ ಬಿಡು, ತಲೆ ನೆಟ್ಟಗೆ ಇಟ್ಕೋ" ಎಂದರು. "ಆಯ್ತು ಅಂಕಲ್" ಎಂದಳು. ಮುಂದಿನ ಸುತ್ತಿನಲ್ಲಿ ತಲೆ ನೆಟ್ಟಗಿತ್ತು, ತುಟಿಯ ಮೇಲೆ ನಗುವಿತ್ತು, ವೇಗ ಹೋಗಿತ್ತು.

ಆಗ ನೆನಪಾದವನು ಎಮಿಲ್ ಜಾಟೊಪೆಕ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಲೈ 20ರಂದು 10,000 ಮೀಟರ್, 24ರಂದು 5,000 ಮೀಟರ್, 27ರಂದು ಮ್ಯಾರಥಾನ್ ಗೆದ್ದ ಚೆಕೊಸ್ಲೊವಾಕಿಯಾದ ಸೇನಾಧಿಕಾರಿ. ಮೂರರಲ್ಲೂ ಒಲಿಂಪಿಕ್ ದಾಖಲೆ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಅವನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅವನು ಓಡುವುದನ್ನು ನೋಡಿದವರಿಗೆ ಇವನು ಮುಂದಿನ ಸುತ್ತು ಮುಗಿಸುವುದಿಲ್ಲ ಅನ್ನಿಸುತ್ತಿತ್ತು. ಕುತ್ತಿಗೆ ತಿರುಚಿಕೊಳ್ಳುತ್ತಿತ್ತು, ತಲೆ ಅತ್ತಿತ್ತ ಉರುಳಾಡುತ್ತಿತ್ತು, ನಾಲಿಗೆ ಹೊರಗೆ ಚಾಚುತ್ತಿತ್ತು, ಏದುಸಿರು ಗ್ಯಾಲರಿಯವರೆಗೆ ಕೇಳುತ್ತಿತ್ತು. ಪತ್ರಿಕೆಗಳು ಈ ಕುರೂಪವನ್ನು ವರ್ಣಿಸಲು ಪೈಪೋಟಿ ನಡೆಸಿದವು. ಇದೇನು ಜಿಮ್ನಾಸ್ಟಿಕ್ಸೇ, ಸ್ಕೇಟಿಂಗೇ ಎಂಬರ್ಥದ ಮಾತಿನಲ್ಲಿ ಅವನು ಎಲ್ಲರಿಗೂ ಉತ್ತರ ಕೊಟ್ಟುಬಿಟ್ಟಿದ್ದ. ಓಟದಲ್ಲಿ ಚೆಲುವಿಗೆ ಅಂಕವಿಲ್ಲ. ಯಾರು ಮೊದಲು ದಾಟಿದರು ಎಂಬುದಷ್ಟೇ ಲೆಕ್ಕ.

ಅವನ ಓಟದ ಚಿತ್ರಗಳನ್ನು ನೋಡುವಾಗ ನಾನು ಸೊಂಟದಿಂದ ಕೆಳಗೆ ಮಾತ್ರ ನೋಡುತ್ತೇನೆ. ಅಲ್ಲಿ ಬೇರೆಯೇ ಒಬ್ಬ ಮನುಷ್ಯನಿದ್ದಾನೆ. ಹೆಜ್ಜೆ ಉದ್ದವಲ್ಲ, ಎತ್ತರಕ್ಕೆ ನೆಗೆಯುವುದಿಲ್ಲ, ಪಾದ ಬೀಳುವ ಲಯ ತಪ್ಪುವುದಿಲ್ಲ. ಮೇಲೆ ಅಷ್ಟೆಲ್ಲ ಕೋಲಾಹಲ ನಡೆಯುತ್ತಿದ್ದರೂ ಕಾಲುಗಳು ತಮ್ಮ ಪಾಡಿಗೆ ತಾವು ದುಡಿಯುತ್ತವೆ. ಆ ಕಾಲುಗಳ ಲಯವನ್ನು ಅವನ ಮೈ ತಾನೇ ಹುಡುಕಿಕೊಂಡಿತ್ತು. ಭುಜ ಅಲ್ಲಾಡುವುದನ್ನು ನಿಲ್ಲಿಸಲು ಹೋಗಿದ್ದರೆ ಕಾಲಿಗೆ ಏನಾಗುತ್ತಿತ್ತೋ ಯಾರಿಗೆ ಗೊತ್ತು? ಸಾವಿರಾರು ಕಿಲೋಮೀಟರ್ ಓಡಿ ಮೈ ಕಂಡುಕೊಂಡ ಹೊಂದಾಣಿಕೆಯನ್ನು ಒಂದು ಬೆಳಗಿನ ಬುದ್ಧಿಮಾತಿನಿಂದ ಕೆಡಿಸಬಾರದು. ನೋವಿದ್ದರೆ, ಮಂಡಿ ಕೆಡುತ್ತಿದ್ದರೆ, ತಿಳಿದವರ ಹತ್ತಿರ ತಿದ್ದಿಸಿಕೊಳ್ಳಲಿ. ಬರಿಯ ಮುಖಕ್ಕಾಗಿ ಬೇಡ. ಮುಖ ಓಡುವುದಿಲ್ಲ.

ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಶಾಲೆಯ ಡ್ರಿಲ್ಲಿಗೆ ನಿಂತ ನಮ್ಮಂಥವರಿಗೆ ಜಾಟೊಪೆಕ್ ಜೊತೆ ಒಂದು ನಂಟಿದೆ. ಬಾಟಾ ಎಂದರೆ ನಮ್ಮ ದೇಶದ್ದೇ ಕಂಪನಿ ಎಂದು ನಂಬಿ ಬೆಳೆದವರು ನಾವು. ಅದು 1894ರಲ್ಲಿ ಹುಟ್ಟಿದ್ದು ಮುಂದೆ ಚೆಕೊಸ್ಲೊವಾಕಿಯಾಕ್ಕೆ ಸೇರಿದ ಮೊರಾವಿಯಾದ ಜ್ಲೀನ್ ಎಂಬ ಊರಿನಲ್ಲಿ. ಕಲ್ಕತ್ತೆಯ ಬಳಿಯ ಬಾಟಾನಗರ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. 1922ರ ಸೆಪ್ಟೆಂಬರ್ 19ರಂದು ಕೊಪ್ರಿವ್ನಿತ್ಸೆಯಲ್ಲಿ ಹುಟ್ಟಿದ ಜಾಟೊಪೆಕ್ ಹದಿಹರೆಯದಲ್ಲೇ ಜ್ಲೀನ್‌ನ ಬಾಟಾ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. 1941ರಲ್ಲಿ ಅಲ್ಲಿನ ಓಟದ ಸ್ಪರ್ಧೆಗೆ ಅವನ ಹೆಸರೂ ಬಂತು. ಮೈ ಸರಿಯಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ, ಏನೂ ಆಗಿಲ್ಲ, ಓಡು ಎಂದರು. ನೂರು ಮಂದಿಯಲ್ಲಿ ಎರಡನೆಯವನಾಗಿ ಬಂದ. ಒಲ್ಲದ ಮನಸ್ಸಿನಿಂದ ಓಡಿದವನಿಗೆ ಗೆಲ್ಲುವ ಆಸೆ ಹುಟ್ಟಿದ್ದು ಆ ಓಟದ ನಡುವೆಯೇ.

ಏಳು ವರ್ಷಗಳ ಮೇಲೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, 10,000 ಮೀಟರ್ ಚಿನ್ನ. 5,000ದಲ್ಲಿ ಬೆಲ್ಜಿಯಂನ ಗ್ಯಾಸ್ಟನ್ ರೈಫ್ ಬಹಳ ಮುಂದೆ ಹೋಗಿದ್ದ. ಕೊನೆಯ ಸುತ್ತಿನಲ್ಲಿ ಜಾಟೊಪೆಕ್ ಬೆನ್ನಟ್ಟಿ 0.2 ಸೆಕೆಂಡಿನಿಂದ ಸೋತ. 1951ರಲ್ಲಿ ಒಂದು ಗಂಟೆಯಲ್ಲಿ 20,052 ಮೀಟರ್ ಓಡಿ, ಗಂಟೆಗೆ 20 ಕಿಲೋಮೀಟರಿನ ಗಡಿ ದಾಟಿದ ಮೊದಲ ಮನುಷ್ಯನಾದ. 1954ರ ಮೇ 30ರಂದು ಪ್ಯಾರಿಸ್ಸಿನಲ್ಲಿ 5,000 ಮೀಟರಿನ ವಿಶ್ವದಾಖಲೆ ಮುರಿದು, ಜೂನ್ 1ರಂದು ಬ್ರಸೆಲ್ಸ್‌ನಲ್ಲಿ 10,000 ಮೀಟರನ್ನು 28 ನಿಮಿಷ 54.2 ಸೆಕೆಂಡಿನಲ್ಲಿ ಓಡಿದ. 29 ನಿಮಿಷದೊಳಗೆ ಅದನ್ನು ಮುಗಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಪಟ್ಟಿ ಇಷ್ಟು ಸಾಕು. ನನಗೆ ಹೆಚ್ಚು ರುಚಿಸುವುದು ಇದರ ಹಿಂದಿನ ಅಭ್ಯಾಸ. ಬಿರುಸಿನ ಓಟ, ನಡುವೆ ಚೇತರಿಕೆ, ಮತ್ತೆ ಬಿರುಸು ಎಂದು ಇಂಟರ್ವಲ್ ಹೆಸರಿನಲ್ಲಿ ನಾವೆಲ್ಲ ಮಾಡುವುದನ್ನು ಜಾಟೊಪೆಕ್ ಕಂಡುಹಿಡಿಯಲಿಲ್ಲ. ಜರ್ಮನಿಯ ಕೋಚ್ ವೋಲ್ಡೆಮಾರ್ ಗೆರ್ಶ್ಲರ್ 1930ರ ದಶಕದಲ್ಲೇ ಅದನ್ನು ಮಾಡಿಸಿದ್ದ. ಆದರೆ ಜಾಟೊಪೆಕ್ ಮಾಡಿದಷ್ಟನ್ನು ಮಾಡಬಹುದೆಂದು ಯಾರೂ ಊಹಿಸಿರಲಿಲ್ಲ. 1948ರ ಹೊತ್ತಿಗೆ 200 ಮೀಟರ್ ಐದು ಸಲ, 400 ಮೀಟರ್ ಇಪ್ಪತ್ತು ಸಲ, ಮತ್ತೆ 200 ಐದು ಸಲ. ಮುಂದೆ 400 ಮೀಟರ್ ನಲವತ್ತು ಸಲವಾಯಿತು. 1954ರಲ್ಲಿ ಬೆಳಿಗ್ಗೆ ಐವತ್ತು, ಸಂಜೆ ಐವತ್ತು ಮಾಡಿದ ದಿನಗಳೂ ಇದ್ದವು. ಬರಿಯ ಬಿರುಸಿನ ಭಾಗವೇ 40 ಕಿಲೋಮೀಟರ್!

ಈ ಅಂಕಿಗಳನ್ನು ಹೇಳುವವರೆಲ್ಲ ಅವುಗಳ ನಡುವೆ ಇದ್ದದ್ದನ್ನು ಬಿಟ್ಟುಬಿಡುತ್ತಾರೆ. ಒಂದು 400 ಮುಗಿದ ಮೇಲೆ ಅವನು ನಿಲ್ಲುತ್ತಿರಲಿಲ್ಲ. 200 ಮೀಟರ್ ನಿಧಾನವಾಗಿ ಓಡಿಕೊಂಡೇ ಹೋಗಿ ಮುಂದಿನ 400ಕ್ಕೆ ಬೀಳುತ್ತಿದ್ದ. ನಲವತ್ತು ಸಲ ಹೀಗೆ ಮಾಡಿದರೆ ನಿಧಾನದ ಓಟವೇ ಎಂಟು ಕಿಲೋಮೀಟರ್ ಆಗುತ್ತದೆ. ಬಿರುಸಿನ ಸುತ್ತುಗಳೂ ಎಲ್ಲ ಒಂದೇ ವೇಗದವಲ್ಲ. ಕೆಲವು ಚುರುಕು, ಕೆಲವು ಹದ. ನನ್ನ ಮಟ್ಟಿಗೆ ಇಡೀ ಅಭ್ಯಾಸದ ಜೀವ ಇರುವುದು ಆ 200 ಮೀಟರಿನಲ್ಲಿ. ಉಸಿರು ಏರಿದ್ದಾಗ ಕಾಲು ನಿಂತರೆ ರಕ್ತ ಕಾಲಿನಲ್ಲೇ ತಂಗುತ್ತದೆ, ತಲೆ ತಿರುಗುತ್ತದೆ. ಮೆಲ್ಲಗೆ ಓಡುತ್ತಿದ್ದರೆ ಸ್ನಾಯುಗಳಲ್ಲಿ ಕೂಡಿಕೊಂಡ ಲ್ಯಾಕ್ಟೇಟ್ ಬೇಗ ಕರಗುತ್ತದೆ, ಎದೆಬಡಿತ ಪೂರ್ತಿ ಇಳಿಯದೆ ಮುಂದಿನ ಸುತ್ತಿಗೆ ತಯಾರಾಗಿರುತ್ತದೆ. ಇದಕ್ಕಿಂತ ದೊಡ್ಡ ಲಾಭ, ದಣಿದ ಕಾಲಿನಲ್ಲಿ ಓಡುತ್ತಲೇ ಚೇತರಿಸಿಕೊಳ್ಳುವುದನ್ನು ಮೈ ಕಲಿಯುತ್ತದೆ. ದೂರದ ಓಟದಲ್ಲಿ ಯಾರೂ ನಮಗೆ ನಿಂತು ಸುಧಾರಿಸಿಕೊಳ್ಳಲು ಬಿಡುವುದಿಲ್ಲ. ಸುಧಾರಿಸಿಕೊಳ್ಳುವುದೆಲ್ಲ ಓಡುವಾಗಲೇ.

ನನ್ನ ಅತ್ಯಂತ ಹಳೆಯ ಜಗಳವೂ ಇದರದೇ. ನಮ್ಮ ಓಟಗಾರರ ಗುಂಪುಗಳಲ್ಲಿ ಇಂಟರ್ವಲ್ ದಿನ ಬಂದರೆ ಏನಾಗುತ್ತದೆ ನೋಡಿ. ಒಂದು ಸುತ್ತು ಮೈಮುರಿದು ಓಡುತ್ತಾರೆ. ಮುಗಿದೊಡನೆ ಮಂಡಿಯ ಮೇಲೆ ಕೈಯೂರಿ ನಿಂತುಬಿಡುತ್ತಾರೆ. ವಾಚು ನೋಡುತ್ತಾರೆ, ಪಕ್ಕದವರ ವಾಚು ಕೇಳುತ್ತಾರೆ, ನೀರು ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಮೈ ತಣ್ಣಗಾದ ಮೇಲೆ ಇನ್ನೊಂದು ಸುತ್ತು. ನಡುವೆ ಮೆಲ್ಲಗೆ ಓಡಿ ಎಂದರೆ, "ಸಾರ್, ಆಮೇಲೆ ನೆಕ್ಸ್ಟ್ ಲ್ಯಾಪ್ ಟೈಮಿಂಗ್ ಹಾಳಾಗುತ್ತೆ" ಎನ್ನುತ್ತಾರೆ. ಹಾಳಾಗಲಿ! ಆ ಟೈಮಿಂಗ್ ಯಾರಿಗೆ ಬೇಕು? ಸುತ್ತು ನಾಲ್ಕು ಸೆಕೆಂಡು ನಿಧಾನವಾದರೆ ಆಗಲಿ, ಆದರೆ ಹತ್ತನೆಯ ಸುತ್ತಿನ ಮೇಲೆ ಹನ್ನೊಂದನೆಯದನ್ನು ಓಡುವ ಶಕ್ತಿ ಬರಬೇಕು. ಸ್ಪರ್ಧೆಯ ದಿನ ಏಳನೆಯ ಕಿಲೋಮೀಟರಿನಲ್ಲಿ ನಡೆಯತೊಡಗುವವರು ಬಹುಪಾಲು ಇವರೇ. ಅವರ ವಾಚಿನಲ್ಲಿ ಚೆಂದದ ಸುತ್ತುಗಳಿವೆ, ಕಾಲಿನಲ್ಲಿ ದೂರವಿಲ್ಲ. ವರ್ಷಗಟ್ಟಲೆ ಇದನ್ನೇ ಹೇಳಿ ನನಗೆ ಗಂಟಲು ಒಣಗಿದೆ, ಅವರಿಗೆ ಕಿವಿ ಒಣಗಿದೆ. ಆದರೂ ಬಿಡುವುದಿಲ್ಲ, ಇದು ಸರಿಯಾದ ಮಾತು.

ಇನ್ನೊಂದು ಪಂಗಡ ಇದಕ್ಕೆ ತದ್ವಿರುದ್ಧ. ಇವರಿಗೆ ಜಾಟೊಪೆಕ್ ನೋವಿನ ದೇವರು. ಸೈನ್ಯದ ಬೂಟು ಹಾಕಿಕೊಂಡು ಓಡಿದ, ರಾತ್ರಿ ಟಾರ್ಚ್ ಹಿಡಿದು ಓಡಿದ, ಸಾಲುಮರಗಳ ದಾರಿಯಲ್ಲಿ ಉಸಿರು ಬಿಗಿಹಿಡಿದು ನಡೆದು ಪ್ರಜ್ಞೆ ತಪ್ಪಿದ ಎಂಬ ಕಥೆಗಳನ್ನು ಹೇಳಿ ಹೊಸಬರ ಮೇಲೆ ಹೇರುತ್ತಾರೆ. ಅವನು ಬೂಟು ಹಾಕಿಕೊಂಡು ಓಡಿದ್ದು ಸೈನಿಕನಾಗಿದ್ದರಿಂದ, ಟಾರ್ಚ್ ಹಿಡಿದದ್ದು ಕತ್ತಲಿದ್ದುದರಿಂದ. ಕೈಗೆ ಸಿಕ್ಕ ಹೊತ್ತಿನಲ್ಲಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಓಡುವುದನ್ನು ಬಿಡಲಿಲ್ಲ ಎಂಬುದೇ ಅಲ್ಲಿನ ಪಾಠ. ಮಂಡಿ ಊದಿಕೊಂಡವನನ್ನು "ಜಾಟೊಪೆಕ್ ಆಗಿದ್ದರೆ ಓಡುತ್ತಿದ್ದ" ಎಂದು ಹುರಿದುಂಬಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಎಷ್ಟೋ ಒಳ್ಳೆಯ ಓಟಗಾರರು ಈ ಮಾತಿಗೆ ಮಂಡಿ ತೆತ್ತಿದ್ದಾರೆ.

ಜಾಟೊಪೆಕ್‌ನಲ್ಲಿ ನೋವಿಗಿಂತ ಹೆಚ್ಚಾಗಿದ್ದದ್ದು ಮಾತು. ಹಲವು ಭಾಷೆ ಕಲಿತಿದ್ದ. ಓಡುತ್ತಲೇ ಎದುರಾಳಿಗಳ ಜೊತೆ ಅವರ ಭಾಷೆಯಲ್ಲಿ ಹರಟುತ್ತಿದ್ದ. ಹೆಲ್ಸಿಂಕಿಯಲ್ಲಿ ಮ್ಯಾರಥಾನಿಗೆ ನಿಂತಾಗ ಅವನು ಅದಕ್ಕೆ ಮೊದಲು ಒಂದೂ ಮ್ಯಾರಥಾನ್ ಓಡಿರಲಿಲ್ಲ. ಹಾಗಾಗಿ ಆ ವರ್ಷ ಜೂನ್‌ನಲ್ಲಷ್ಟೇ 2 ಗಂಟೆ 20 ನಿಮಿಷ 42 ಸೆಕೆಂಡಿನಲ್ಲಿ ಓಡಿ ಜಗತ್ತಿನ ಅತ್ಯುತ್ತಮ ಸಮಯ ಮಾಡಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್‌ನನ್ನು ಹುಡುಕಿ ಪರಿಚಯ ಮಾಡಿಕೊಂಡು ಅವನ ಜೊತೆಗೇ ಹೊರಟ. ದಾರಿಯಲ್ಲಿ, ಈ ವೇಗ ಜಾಸ್ತಿಯಾಯಿತೇ ಎಂದು ಕೇಳಿದ. ಸಾಲದು ಎಂದ ಪೀಟರ್ಸ್. ಜಾಟೊಪೆಕ್ ಮುಂದೆ ಹೋದ, ಪೀಟರ್ಸ್ ಸ್ನಾಯು ಹಿಡಿದುಕೊಂಡು ಓಟ ಬಿಟ್ಟ. 2 ಗಂಟೆ 23 ನಿಮಿಷ 3 ಸೆಕೆಂಡಿಗೆ ಜಾಟೊಪೆಕ್ ಕ್ರೀಡಾಂಗಣಕ್ಕೆ ಬಂದಾಗ ರಿಲೇ ಗೆದ್ದಿದ್ದ ಜಮೈಕಾದ ಓಟಗಾರರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅದೇ ಮ್ಯಾರಥಾನಿನಲ್ಲಿ ನಮ್ಮ ಸೂರತ್ ಸಿಂಗ್ ಮಾಥುರ್ 2 ಗಂಟೆ 58 ನಿಮಿಷದಲ್ಲಿ ಗುರಿ ಮುಟ್ಟಿದರು. ಇವರ ಹೆಸರನ್ನೂ ನಾವು ನೆನೆಯಬೇಕು.

ಜಾಟೊಪೆಕ್‌ನ ಹೆಂಡತಿ ಡಾನಾಳ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಂಡನ ಹಾಗೆ ಅವಳೂ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದೇ. ಅವನು 5,000 ಮೀಟರ್ ಗೆದ್ದ ಜುಲೈ 24ರಂದೇ ಅವಳು ಜಾವೆಲಿನ್‌ನಲ್ಲಿ ಚಿನ್ನ ಗೆದ್ದಳು. ನನ್ನ ಗೆಲುವೇ ಅವಳಿಗೆ ಸ್ಫೂರ್ತಿ ಎಂದು ಅವನು ಆಮೇಲೆ ಹೇಳಿಕೊಂಡಾಗ, ಹಾಗಾದರೆ ಇನ್ನೊಬ್ಬ ಹುಡುಗಿಗೆ ಸ್ಫೂರ್ತಿ ಕೊಡು, ಅವಳೂ 50 ಮೀಟರ್ ಎಸೆಯುತ್ತಾಳೋ ನೋಡೋಣ ಎಂದಳಂತೆ. ಸರಿಯಾಗಿಯೇ ಹೇಳಿದಳು.

ಆದರೆ ಹೆಲ್ಸಿಂಕಿಯ ದೊಡ್ಡ ಓಟ ನಡೆದದ್ದು ಟ್ರ್ಯಾಕಿನ ಮೇಲಲ್ಲ. ತಂಡ ಹೊರಡುವ ಮುಂಚೆ ಸ್ಟಾನಿಸ್ಲಾವ್ ಯುಂಗ್‌ವಿರ್ತ್ ಎಂಬ ಓಟಗಾರನ ಹೆಸರನ್ನು ಸರ್ಕಾರ ತೆಗೆದುಹಾಕಿತ್ತು. ಅವನ ತಂದೆ ರಾಜಕೀಯ ಕೈದಿಯಾಗಿದ್ದದ್ದೇ ಕಾರಣ. ಅವನು ಬರದಿದ್ದರೆ ನಾನೂ ಬರುವುದಿಲ್ಲ ಎಂದು ಜಾಟೊಪೆಕ್ ವಿಮಾನ ಹತ್ತಲಿಲ್ಲ. ಸ್ಟಾಲಿನ್ ಬದುಕಿದ್ದ ಕಾಲ. ಸೈನ್ಯದ ಅಧಿಕಾರಿಯೊಬ್ಬ ಹಾಗೆ ನಿಂತರೆ ಏನೂ ಆಗಬಹುದಿತ್ತು. ಕೊನೆಗೆ ಸರ್ಕಾರವೇ ಮಣಿಯಿತು, ಇಬ್ಬರೂ ತಡವಾಗಿ ಹೋದರು. 1957ರಲ್ಲಿ ಯುಂಗ್‌ವಿರ್ತ್ ಸ್ಟಾರಾ ಬೊಲೆಸ್ಲಾವ್‌ನಲ್ಲಿ 1,500 ಮೀಟರಿನ ವಿಶ್ವದಾಖಲೆ ಬರೆದ. ಜಾಟೊಪೆಕ್ ಗಂಟೆಯ ದಾಖಲೆ ಮಾಡಿದ್ದೂ ಅದೇ ಊರಿನಲ್ಲಿ.

ಇನ್ನೊಬ್ಬರಿಗಾಗಿ ಮಿಡಿಯುವ ಈ ಗುಣ ಮುಂದೆಯೂ ಕಂಡಿತು. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ವಿಶ್ವದಾಖಲೆಗಳನ್ನು ಸಾಲುಸಾಲಾಗಿ ಮುರಿದರೂ ಒಲಿಂಪಿಕ್ ಚಿನ್ನ ಗೆಲ್ಲಲಾಗದ ಓಟಗಾರ. 1966ರಲ್ಲಿ ಅವನು ಪ್ರಾಗ್‌ನಿಂದ ಹೊರಟಾಗ ಜಾಟೊಪೆಕ್ ಒಂದು ಪೊಟ್ಟಣ ಕೈಗಿಟ್ಟ. ವಿಮಾನದಲ್ಲಿ ಬಿಚ್ಚಿ ನೋಡಿದರೆ ಹೆಲ್ಸಿಂಕಿಯ 10,000 ಮೀಟರಿನ ಚಿನ್ನದ ಪದಕ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಜಾಟೊಪೆಕ್ ಜನರ ಪರ ಮಾತಾಡಿದ. ಪಕ್ಷದಿಂದಲೂ ಸೈನ್ಯದಿಂದಲೂ ಹೊರಬಿದ್ದು, ಮನೆಯಿಂದ ದೂರ ಭೂಮಿ ಕೊರೆಯುವ ತಂಡದಲ್ಲಿ ಕೂಲಿಯಾಗಿ ವರ್ಷಗಟ್ಟಲೆ ದುಡಿದ. ಒತ್ತಡಕ್ಕೆ ಸಿಕ್ಕಿ ಮುಂದೆ ತನ್ನ ಮಾತುಗಳನ್ನು ಹಿಂತೆಗೆದುಕೊಂಡ; ಅವನ ನಾಡಿನ ಕೆಲವರು ಅದನ್ನು ಕ್ಷಮಿಸಲಿಲ್ಲ. ಕ್ಷಮಿಸುವುದು ಬಿಡುವುದು ಅವರ ಹಕ್ಕು. ಯುಂಗ್‌ವಿರ್ತ್‌ಗಾಗಿ ವಿಮಾನ ಹತ್ತದೆ ನಿಂತ ಮನುಷ್ಯ ನನಗೆ ಅದರಿಂದ ಕಡಿಮೆಯಾಗುವುದಿಲ್ಲ. 2000ದ ನವೆಂಬರ್‌ನಲ್ಲಿ ಪ್ರಾಗ್‌ನಲ್ಲಿ ತೀರಿಕೊಂಡ.

ಹೆಲ್ಸಿಂಕಿಯ 5,000 ಮೀಟರ್ ಫೈನಲ್‌ನ ಕೊನೆಯ ಸುತ್ತಿನ ಚಿತ್ರ ಇವತ್ತಿಗೂ ನೋಡಲು ಸಿಗುತ್ತದೆ. ಎದುರಾಳಿಗಳಾದ ಚಾಟವೇ, ಶಾಡೆ, ಮಿಮೂನ್ ಮೂವರೂ ಜಾಟೊಪೆಕ್‌ನನ್ನು ಹಿಂದಿಕ್ಕಿರುತ್ತಾರೆ. ಕೊನೆಯ ತಿರುವಿನಲ್ಲಿ ಅವನು ಹೊರಗಿನಿಂದ ಮೂವರನ್ನೂ ದಾಟುತ್ತಾನೆ. ಓಡುವವರೆಲ್ಲ ಅದನ್ನು ಎರಡು ಸಲ ನೋಡಬೇಕು. ಒಂದು ಸಲ ಪರದೆಯ ಮೇಲರ್ಧವನ್ನು ಕೈಯಿಂದ ಮುಚ್ಚಿ ಕಾಲು ಮಾತ್ರ ನೋಡಿ. ಇನ್ನೊಂದು ಸಲ ಕೈ ತೆಗೆದು ಮುಖವನ್ನೂ ನೋಡಿ. ಆಮೇಲೆ ಹೇಳಿ, ಅದರಲ್ಲಿ ತಿದ್ದುವುದೇನಿದೆ?