ವಿಜಯನಗರದಿಂದ ವಿಜಯನಗರಕ್ಕೆ, ನಿದ್ದೆ ಇಲ್ಲದೆ

1/6
ಫೋಟೋ: ಹಂಪಿ ಎಕ್ಸ್‌ಪ್ರೆಸ್, ಅಪ್ಪರ್ ಬರ್ತ್. ಫ್ಯಾನ್ ಬಿಟ್ರೆ ಇನ್ನೇನೂ ಕಾಣಲ್ಲ.

ಈ ಫೋಟೋ ತೆಗೆದಾಗ ರಾತ್ರಿ 2.40. ಅಂತ್ಯಾಕ್ಷರಿಯಲ್ಲಿ ಗಂಟಲು ಹರ್ಕೊಂಡಿದ್ದವರೆಲ್ಲ ಗೊರಕೆ ಹೊಡೀತಿದ್ರು. ನಾನು ಫ್ಯಾನಿನ ರೆಕ್ಕೆ ಎಣಿಸ್ತಾ ಮಲಗಿದ್ದೆ. ಮೂರೇ ಇದ್ವು, ಬೇಗ ಮುಗಿದುಹೋಯ್ತು.

ಟ್ರಿಪ್ ಫೋಟೋ ಹಾಕಿದಾಗ "ಸಖತ್ ಎಂಜಾಯ್ ಮಾಡಿದ್ದೀಯ" ಅಂದ್ರಿ. ಮಾಡಿದ್ದೀನಿ, ಸುಳ್ಳಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಹುಟ್ಟಿ ಬೆಳೆದವಳು ಅಸಲಿ ವಿಜಯನಗರ ನೋಡೋಕೆ ಹೊರಟಿದ್ದೆ. ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಜಿಲ್ಲೆ. "ವಿಜಯನಗರದಿಂದ ವಿಜಯನಗರಕ್ಕೆ ಟಿಕೆಟ್ ಕೊಡಿ" ಅಂತ ನಾನೇ ಹತ್ತು ಸಲ ಜೋಕ್ ಹೊಡೆದಿದ್ದೆ.

ರೈಲು ತೂಗಿದ್ರೆ ತೊಟ್ಟಿಲಲ್ಲಿ ಮಲಗಿದ ಹಾಗೆ ನಿದ್ದೆ ಬರುತ್ತೆ ಅಂದಿದ್ರು ಅಮ್ಮ. ನನಗೆ ಮಾತ್ರ ಒಂದೊಂದು ಸದ್ದೂ ಬಿಡಿಬಿಡಿಯಾಗಿ ಕೇಳಿಸ್ತಿತ್ತು. ಟಾಯ್ಲೆಟ್ ಬಾಗಿಲು ಬಡ್ಕೊಳ್ಳೋದು, ಕೆಳಗಿನ ಬರ್ತಿನ ತಾತ ಕೆಮ್ಮೋದು, ಯಾರದ್ದೋ ಚಾರ್ಜರ್ ಜಾರಿ ಬೀಳೋದು. ಈ ಗಾಡಿ ಕರ್ನಾಟಕದಿಂದ ಹೊರಟು ಆಂಧ್ರ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತೆ. ಗುಂತಕಲ್ಲಿನಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನ ತೆಲುಗು ಅನೌನ್ಸ್‌ಮೆಂಟ್ ಪೂರ್ತಿ ಕೇಳಿಸ್ಕೊಂಡೆ. ನಮ್ಮ ಕ್ಲಾಸಿನವರೆಲ್ಲ ನಿದ್ದೇಲೇ ಒಂದು ರಾಜ್ಯ ಸುತ್ತಿ ಬಂದ್ರು. ಎಚ್ಚರವಾಗಿ ಸುತ್ತಿದವಳು ನಾನೊಬ್ಬಳೇ.

2/6
ಫೋಟೋ: ನಮ್ಮನೆ ಟೆರೇಸು. ಹಿಂದೆ ಕಾಣ್ತಿರೋದು ಮೆಟ್ರೋ ಲೈನು.

ಇದು ನನಗೆ ಹೊಸದಲ್ಲ. ಎಂಟನೇ ಕ್ಲಾಸಲ್ಲಿ ಬಸವೇಶ್ವರನಗರದ ಫ್ರೆಂಡ್ ಮನೇಲಿ ಬರ್ತ್‌ಡೇ, ರಾತ್ರಿ ಅಲ್ಲೇ ಉಳ್ಕೊಳ್ಳೋದು ಅಂತಾಯ್ತು. ನಮ್ಮನೆಯಿಂದ ಸ್ಕೂಟರಲ್ಲಿ ಹತ್ತು ನಿಮಿಷ ಅಷ್ಟೇ. ಅಷ್ಟು ದೂರಕ್ಕೂ ನಿದ್ದೆ ನನ್ನ ಜೊತೆ ಬರಲಿಲ್ಲ. ರಾತ್ರಿ ಒಂದು ಗಂಟೆಗೆ ಅಪ್ಪಂಗೆ ಫೋನ್ ಮಾಡಿದೆ. ಪಂಚೆ ಮೇಲೆ ಸ್ವೆಟರ್ ಹಾಕ್ಕೊಂಡು ಬಂದ್ರು. ಬೈಲಿಲ್ಲ, ಏನೂ ಕೇಳ್ಲೂ ಇಲ್ಲ. "ಕೂತ್ಕೋ" ಅಂದ್ರು, ಅಷ್ಟೇ.

ತುಮಕೂರಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಛತ್ರದ ಜಮಖಾನದ ಮೇಲೆ ಎಲ್ಲರೂ ಸಾಲಾಗಿ ಮಲಗಿದ್ರೆ ನಾನು ಹೂ ಕಟ್ಟೋ ಹೆಂಗಸರ ಜೊತೆ ಬೆಳಗಿನವರೆಗೂ ಕೂತಿದ್ದೆ. "ಎಷ್ಟು ಕೆಲಸ ಮಾಡ್ತಾಳೆ ಹುಡುಗಿ" ಅಂತ ಹೆಸರು ಬಂತು!

ಇಷ್ಟು ದಿನ ಇದು ತಮಾಷೆಯಾಗಿತ್ತು. ಈ ಸೆಮಿಸ್ಟರಲ್ಲಿ ತಮಾಷೆಯಾಗಿ ಉಳೀಲಿಲ್ಲ. ಕ್ಯಾಂಪಸ್ ಸೆಲೆಕ್ಷನಲ್ಲಿ ನನಗೊಂದು ಕೆಲಸ ಸಿಕ್ಕಿದೆ ಅಂತ ಕೆಲವರಿಗೆ ಗೊತ್ತು. ಮೂರು ತಿಂಗಳು ಟ್ರೇನಿಂಗ್ ಚೆನ್ನೈನಲ್ಲಿ ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ. ಹಂಪಿಯಿಂದ ಬಂದ ಸೋಮವಾರ ಸಂಜೆ ಒಳಗೆ ಹೂಂ ಅಥವಾ ಊಹೂಂ ಹೇಳ್ಬೇಕಿತ್ತು.

ಮನೇಲಿ "ಸಂಬಳ ಕಡಿಮೆ, ನೋಡೋಣ" ಅಂದಿದ್ದೆ. ನಿಮ್ಮ ಹತ್ರ "ಸಿಎ ಇಂಟರ್ ಬರೆಯೋ ಪ್ಲ್ಯಾನ್ ಇದೆ" ಅಂದಿದ್ದೆ. ಎರಡೂ ಸುಳ್ಳು. ಇಪ್ಪತ್ತು ವರ್ಷದವಳು "ಮನೆ ಬಿಟ್ರೆ ನಿದ್ದೆ ಬರಲ್ಲ, ಅದಕ್ಕೇ ಕೆಲಸ ಬೇಡ" ಅಂತ ಹೇಗೆ ಹೇಳೋದು?

ಹಾಗಾಗಿ ಹಂಪಿ ಟ್ರಿಪ್ಪನ್ನೇ ನನಗೆ ನಾನೇ ಕೊಟ್ಕೊಂಡ ಇಂಟರ್ನಲ್ಸ್ ಅನ್ಕೊಂಡೆ. ನಾಲ್ಕು ರಾತ್ರಿ. ಒಂದೇ ಒಂದು ರಾತ್ರಿ ಚೆನ್ನಾಗಿ ಮಲಗಿದ್ರೂ ಚೆನ್ನೈಗೆ ಹೂಂ. ಇಲ್ಲಾಂದ್ರೆ ಇಲ್ಲ. ಮೊದಲ್ನೇದು ಗುಂತಕಲ್ಲಲ್ಲೇ ಫೇಲ್ ಆಗಿತ್ತು.

3/6
ಫೋಟೋ: ಹಂಪಿಯ ಜನಾನಾ ಆವರಣದ ಕಾವಲು ಗೋಪುರ. ಬುಡದಲ್ಲಿ ಕೂತು ಮಲಗಿರೋದು ನಾನು. ತೆಗೆದ ಪಾಪಿ ಯಾರು ಅಂತ ಗೊತ್ತಿದೆ.

ಹೊಸಪೇಟೆ ಲಾಡ್ಜಲ್ಲಿ ಮೂರು ಮಂಚಕ್ಕೆ ನಾಲ್ಕು ಜನ. ಬಾಗಿಲ ಮೇಲಿನ ಗಾಜಿನಿಂದ ಕಾರಿಡಾರಿನ ಟ್ಯೂಬ್‌ಲೈಟ್ ನೇರ ಮುಖಕ್ಕೆ ಬೀಳ್ತಿತ್ತು. ಬೆಡ್‌ಶೀಟಲ್ಲಿ ನುಸಿಗುಳಿಗೆ ವಾಸನೆ. ಅದರ ಮೇಲೆ ಸಂಜೆ ಎಂಟಕ್ಕೆ ಚಳಿ ಅಂತ ಎರಡು ಲೋಟ ಸ್ಟ್ರಾಂಗ್ ಚಹಾ ಕುಡಿದಿದ್ದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆ ಆದ್ಮೇಲೂ ಮೈಯಲ್ಲೇ ಇರುತ್ತೆ ಅಂತ ಆಮೇಲೆ ಗೊತ್ತಾಯ್ತು.

ಆದ್ರೆ ನಿದ್ದೆ ಬರದಿರೋದಕ್ಕಿಂತ ದೊಡ್ಡ ಹಿಂಸೆ ಲೆಕ್ಕ ಹಾಕೋದು. ಈಗ ಮಲಗಿದ್ರೆ ಐದು ಗಂಟೆ ಸಿಗುತ್ತೆ. ಈಗ ಮಲಗಿದ್ರೆ ನಾಲ್ಕೂವರೆ. ಈಗ ಮಲಗಿದ್ರೆ ನಾಲ್ಕು. ಪಕ್ಕಾ ಡಿಪ್ರಿಸಿಯೇಷನ್ ಟೇಬಲ್, ಸ್ಟ್ರೈಟ್ ಲೈನ್ ಮೆಥಡ್. ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ ಒಂದು ಗಂಟೆ ಉಳೀತು.

ಮರುದಿನ ಹಂಪಿ. ಕಮಲ ಮಹಲ್ ಇರೋ ಆವರಣದ ಮೂಲೆಗಳಲ್ಲಿ ಕಾವಲು ಗೋಪುರಗಳಿವೆ. ಒಳಗಿದ್ದವರು ಮಲಗ್ಲಿ ಅಂತ ಮೇಲೆ ಯಾರೋ ನಿದ್ದೆಗೆಡಬೇಕಿತ್ತು. ಅಂಥ ಒಂದು ಗೋಪುರದ ನೆರಳಲ್ಲಿ ಒಂದು ನಿಮಿಷ ಅಂತ ಗೋಡೆಗೆ ಒರಗಿದೆ. ಅರ್ಧ ಗಂಟೆ ಹೋಯ್ತು. ಸುತ್ತ ಐವತ್ತು ಜನ ಕಿರುಚ್ತಿದ್ರು, ಮೇಡಂ ಹೆಸರು ಕೂಗಿ ಎಣಿಸ್ತಿದ್ರು, ನೆತ್ತಿ ಮೇಲೆ ಬಿಸಿಲು. ಅಲ್ಲಿ ಬಂತು ನೋಡಿ ನಿದ್ದೆ! ಕತ್ತಲು, ಮಂಚ, ದಿಂಬು ಎಲ್ಲ ಇದ್ದಾಗ ಬರದೇ ಇದ್ದದ್ದು ಕಲ್ಲಿನ ಮೇಲೆ ಯಾಕೆ ಬಂತು ಅಂತ ಆವಾಗ ಅರ್ಥವಾಗಲಿಲ್ಲ.

4/6
ಫೋಟೋ: ಲಾಡ್ಜ್ ಮೆಟ್ಟಿಲು, ರಾತ್ರಿ ಮೂರು ಗಂಟೆ. ಎರಡು ಜೊತೆ ಚಪ್ಪಲಿ.

ಲಾಡ್ಜಿನ ಎರಡನೇ ರಾತ್ರಿ ಹೊರಳಾಡಿ ಸಾಕಾಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನೀರಿನ ಬಾಟಲಿ ಹಿಡ್ಕೊಂಡು ಕೊಪ್ಪ ಬಂದಳು. (ಊರು ಕೊಪ್ಪ, ಅದಕ್ಕೆ ಕ್ಲಾಸಲ್ಲಿ ಅವಳ ಹೆಸರೇ ಕೊಪ್ಪ. ಹೀಗೆ ಬರೀಬಹುದಾ ಅಂತ ಕೇಳಿದ್ದೀನಿ, ಹೂಂ ಅಂದಿದ್ದಾಳೆ.)

"ಎಂತ, ನಿದ್ದೆ ಬರ್ಲಿಲ್ವಾ?"

"ಮನೆ ಬಿಟ್ರೆ ಬರಲ್ಲ ಕಣೇ. ಮೂರು ರಾತ್ರಿ ಆಯ್ತು."

ನಗ್ತಾಳೆ ಅನ್ಕೊಂಡೆ. ಪಕ್ಕದಲ್ಲಿ ಕೂತಳು. "ನಿಂದು ಮೂರು. ನಿಮ್ಮ ವಿಜಯನಗರದ ಪೀಜಿಗೆ ಬಂದಾಗ ನಂದು ಹದಿನೆಂಟು ದಿನ ಮಾರಾಯ್ತಿ. ಲೆಕ್ಕ ಬರ್ದಿಟ್ಟಿದ್ದೆ."

"ಯಾಕೆ?"

"ಆ ನಿಮ್ಮ ದರಿದ್ರ ಮೆಟ್ರೋ! ಕಿಟಕಿ ಪಕ್ಕದಲ್ಲೇ ಹೋಗ್ತದೆ. ಒಂದು ಹೋಯ್ತು ಅಂತ ಕಣ್ಣು ಮುಚ್ಚಿದ್ರೆ ಇನ್ನೊಂದು."

ನನಗೆ ನಗು ಬಂತು. ಯಾಕಂದ್ರೆ ನಾನು ಮಲಗೋದೇ ಆ ಸದ್ದಿಗೆ. ಕೊನೇ ಮೆಟ್ರೋ ಹೋದ್ರೆ ನಮ್ಮನೇಲಿ ಲೈಟ್ ಆಫ್. ನನ್ನ ಜೋಗುಳವೇ ಇವಳ ನಿದ್ದೆ ಕೆಡಿಸಿತ್ತು.

"ಈಗ?" ಅಂದೆ.

"ಈಗ ಕೇಳಿಸೋದೇ ಇಲ್ಲ." ನೀರು ಕುಡಿದಳು. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದಳು: "ಈಗ ಊರಿಗೆ ಹೋದ್ರೆ ಮೊದಲ್ನೇ ರಾತ್ರಿ ನಿದ್ದೆ ಬರಲ್ಲ. ಜೀರುಂಡೆ ಗಲಾಟೆ. ಮೊದ್ಲು ಅದು ಕೇಳ್ತಿತ್ತು ಅಂತಾನೇ ಗೊತ್ತಿರ್ಲಿಲ್ಲ. ಅಮ್ಮಂಗೆ ಹೇಳಿಲ್ಲ, ಬೇಜಾರ್ ಮಾಡ್ಕೋತಾಳೆ."

ಅದಾದ್ಮೇಲೆ ಇಬ್ಬರೂ ಏನೂ ಮಾತಾಡ್ಲಿಲ್ಲ. ನಾನು ಇಷ್ಟು ದಿನ ಹೆದರ್ತಿದ್ದದ್ದು ಚೆನ್ನೈನಲ್ಲಿ ನಿದ್ದೆ ಬರದೇ ಹೋದ್ರೆ ಅಂತ. ಆ ಮೆಟ್ಟಿಲ ಮೇಲೆ ಇನ್ನೊಂದು ಹೆದರಿಕೆ ಶುರುವಾಯ್ತು. ಅಲ್ಲಿ ನಿದ್ದೆ ಬಂದುಬಿಟ್ರೆ? ವಾಪಸ್ ಬಂದಾಗ ನಮ್ಮನೇಲೇ ಎಚ್ಚರ ಆಗಿರ್ಬೇಕಾ?

5/6
ಫೋಟೋ: ವಾಪಸ್ ಬರೋ ರೈಲು. ಅದೇ ಫ್ಯಾನು, ಅಥವಾ ಅದರ ತಂಗಿ.

ಭಾನುವಾರ ರಾತ್ರಿ ರೈಲಲ್ಲಿ ಈ ವಿಷಯ ಹುಡುಕಿ ಓದಿದೆ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಕೆಡೋದು ನಿದ್ದೆ ಸಂಶೋಧಕರಿಗೆ 1960ರ ದಶಕದಿಂದಲೂ ಗೊತ್ತು. ಲ್ಯಾಬಿಗೆ ಬಂದವರ ಮೊದಲ ರಾತ್ರಿಯ ರೆಕಾರ್ಡಿಂಗ್ ನಂಬೋಕಾಗಲ್ಲ ಅಂತ ಎಷ್ಟೋ ಕಡೆ ಅದನ್ನು ಲೆಕ್ಕಕ್ಕೇ ತಗೊಳ್ತಿರಲಿಲ್ಲವಂತೆ. 2016ರಲ್ಲಿ ಅಮೆರಿಕದ ಬ್ರೌನ್ ಯೂನಿವರ್ಸಿಟಿಯಲ್ಲಿ ಮಸಾಕೊ ತಮಾಕಿ, ಯುಕಾ ಸಸಾಕಿ ಮತ್ತು ಜೊತೆಗಾರರು ಆ ರಾತ್ರಿ ಮೆದುಳಲ್ಲಿ ಏನಾಗುತ್ತೆ ಅಂತಾನೇ ನೋಡಿದ್ರು. ಗಾಢ ನಿದ್ದೆಯ ಹೊತ್ತಿನಲ್ಲೂ ಮೆದುಳಿನ ಎಡಭಾಗ ಬಲಭಾಗದಷ್ಟು ಆಳಕ್ಕೆ ಇಳಿದಿರಲಿಲ್ಲ. ಬಲಗಿವಿಗೆ ವಿಚಿತ್ರ ಸದ್ದು ಕೇಳಿಸಿದ್ರೆ ಬೇಗ ಎಚ್ಚರಾಗ್ತಿತ್ತು, ಯಾಕಂದ್ರೆ ಆ ಕಿವಿಯ ಸದ್ದು ಮುಖ್ಯವಾಗಿ ಎಡಭಾಗಕ್ಕೆ ಹೋಗುತ್ತೆ. ಅದೇ ಜನ ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಮಲಗಿದಾಗ ಈ ವ್ಯತ್ಯಾಸ ಇರಲಿಲ್ಲ.

ಡಾಲ್ಫಿನ್‌ಗಳು ಅರ್ಧ ಮೆದುಳಲ್ಲಿ ಮಲಗ್ತವೆ. ಸಾಲಾಗಿ ಮಲಗೋ ಬಾತುಕೋಳಿಗಳಲ್ಲಿ ತುದಿಯಲ್ಲಿರೋವು ಹೊರಗಿನ ಕಡೆಯ ಕಣ್ಣು ತೆರೆದೇ ಮಲಗೋದು ಜಾಸ್ತಿ. ನಡುವೆ ಇರೋವು ಎರಡೂ ಕಣ್ಣು ಮುಚ್ಚುತ್ತವೆ. ನನಗೆ ಹಂಪಿಯ ಬಿಸಿಲು ನೆನಪಾಯ್ತು. ಅಲ್ಲಿ ನಾನು ಸಾಲಿನ ನಡುವಿನ ಬಾತುಕೋಳಿ. ಐವತ್ತು ಜನ ಎಚ್ಚರ ಇದ್ರಲ್ಲ.

ನಮ್ಮ ರೋಡಲ್ಲಿ ರಾತ್ರಿ ವಿಷಲ್ ಊದ್ತಾ, ಕೋಲು ಕುಟ್ತಾ ಬರೋ ಗೂರ್ಖಾ ಗೊತ್ತಲ್ಲ? ಹಾಗೇ ತಲೆ ಒಳಗೊಬ್ಬ ಇದ್ದಾನೆ. ಹೊಸ ರೋಡಾದ್ರೆ ಎಲ್ಲ ಗೇಟೂ ಮುಟ್ಟಿ ನೋಡ್ತಾನೆ. ನಾನು ಇಷ್ಟು ವರ್ಷ "ನಂಗೇನೋ ಪ್ರಾಬ್ಲಂ ಇದೆ" ಅಂತ ಬೈಕೊಂಡಿದ್ದು ಅವನನ್ನೇ. ಪಾಪ, ಅವನು ಡ್ಯೂಟಿ ಮಾಡ್ತಿದ್ದ.

ನಮ್ಮ ಕಡೆ ಮೆಟ್ರೋ ಶುರುವಾದದ್ದು 2015ರ ನವೆಂಬರಲ್ಲಿ. ನನಗೆ ಹತ್ತು ವರ್ಷ. ಮೊದಮೊದಲು ಅಜ್ಜಿ ಕಿವಿಗೆ ಹತ್ತಿ ಇಟ್ಕೊಂಡು "ತಲೆ ಮೇಲೇ ಓಡಿಸ್ತಾರಲ್ಲೇ" ಅಂತ ಶಾಪ ಹಾಕ್ತಿದ್ರು. 2020ರ ಲಾಕ್‌ಡೌನಲ್ಲಿ ಮೆಟ್ರೋ ನಿಂತಾಗ ಅದೇ ಅಜ್ಜಿ ಹಾಸಿಗೆ ಮೇಲೆ ಕೂತು "ಇನ್ನೂ ಆ ರೈಲು ಹೋಗ್ಲಿಲ್ವಲ್ಲೇ" ಅಂತಿದ್ರು.

ಅಂದ್ರೆ ನನ್ನ ಮನೆಯೂ ಒಂದು ಕಾಲಕ್ಕೆ ನಿದ್ದೆ ಬರದ ಜಾಗವೇ ಆಗಿತ್ತು. ಆಮೇಲೆ ನಾವದನ್ನ ಕಲಿತ್ವಿ.

ಮೂರು ರಾತ್ರಿಯ ಬಾಕಿ ಇತ್ತು ಅಂತಾನೋ ಏನೋ, ಆ ರಾತ್ರಿ ಗುಂತಕಲ್ ಅನೌನ್ಸ್‌ಮೆಂಟ್ ನನಗೆ ಕೇಳಿಸ್ಲಿಲ್ಲ.

6/6
ಫೋಟೋ: ನನ್ನ ದಿಂಬಿನ ಕವರ್. ಒಗೆದಿಲ್ಲ, ಒಗೆಯೋದೂ ಇಲ್ಲ.

ಸೋಮವಾರ ಮನೆಗೆ ಬಂದು ಅಪ್ಪಂಗೆ ನಿಜ ಹೇಳಿದೆ. ಸಂಬಳ ಅಲ್ಲ ಅಪ್ಪ, ನಿದ್ದೆ ಅಂತ.

ನಗ್ಲಿಲ್ಲ. ಅಪ್ಪ ಮಾಗಡಿ ಕಡೆ ಹಳ್ಳಿಯವರು. ಕೆಲಸಕ್ಕೆ ಅಂತ ಬಂದು ಮೊದಲು ಇದ್ದದ್ದು ಕಾಮಾಕ್ಷಿಪಾಳ್ಯದ ಒಂದು ರೂಮಲ್ಲಿ, ನಾಲ್ಕು ಜನ. "ಪಕ್ಕದ ಶೆಡ್ಡಲ್ಲಿ ರಾತ್ರಿಯೆಲ್ಲ ಮಷೀನು ಓಡೋದು ಕಣಮ್ಮ. ಒಂದು ತಿಂಗಳು ಕಣ್ಣು ಮುಚ್ಚಿಲ್ಲ. ಆಮೇಲೆ ಭಾನುವಾರ ಮಷೀನು ನಿಲ್ಸಿದ್ರೆ ನಿದ್ದೆ ಬರ್ತಿರ್ಲಿಲ್ಲ."

ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೀನಿ, ಅಪ್ಪ ಊರಿಗೆ ಹೋದ್ರೆ ರಾತ್ರಿ ಉಳ್ಕೊಳ್ಳಲ್ಲ. ಹಬ್ಬ ಆದ್ರೂ ಊಟ ಮುಗಿಸಿ "ನಾಳೆ ಕೆಲಸ ಇದೆ" ಅಂತ ಹೊರಟುಬಿಡ್ತಾರೆ. ಊರಿನ ಅಜ್ಜಿ ಪ್ರತಿ ಸಲ ಬಾಗಿಲಿಗೆ ಬಂದು "ಇವತ್ತೊಂದು ದಿನ ಇರೋ" ಅಂತಾರೆ. ನಾಳೆ ಕೆಲಸ ಇರುತ್ತಾ ಅಪ್ಪ ಅಂತ ನಾನು ಕೇಳ್ಲಿಲ್ಲ. ಅವರೂ ಹೇಳ್ಲಿಲ್ಲ.

ಸಂಜೆ ಹೂಂ ಅಂತ ಮೇಲ್ ಕಳಿಸಿದೆ.

ಧೈರ್ಯ ಬಂತು ಅಂತ ಅಲ್ಲ. ಚೆನ್ನೈನಲ್ಲಿ ಮೊದಲ ವಾರ ನನ್ನ ಕಥೆ ಏನು ಅಂತ ಗೊತ್ತಿದೆ. ಅದಕ್ಕೆ ತಯಾರಿ ಮಾಡ್ಕೊಂಡಿದ್ದೀನಿ. ಈ ದಿಂಬಿನ ಕವರ್ ಬ್ಯಾಗಲ್ಲಿ ಬರುತ್ತೆ, ಮನೆ ವಾಸನೆ ಇರ್ಲಿ ಅಂತ. ಮಧ್ಯಾಹ್ನದ ಮೇಲೆ ಕಾಫಿ, ಚಹಾ ಇಲ್ಲ. ಟೈಮ್ ನೋಡಬಾರದು ಅಂತ ಫೋನು ಕೈಗೆ ಸಿಗದ ಕಡೆ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರ್ಲಿಲ್ಲ ಅನ್ಸಿದ್ರೆ ಹೊರಳಾಡದೆ ಎದ್ದು ಮಂದ ಬೆಳಕಲ್ಲಿ ಕೂರೋದು. ಎಷ್ಟೊತ್ತಿಗೆ ಮಲಗಿದ್ರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳೋದು. ಯಾರದ್ದೋ ನಿದ್ದೆ ಮಾತ್ರೆ ಇಸ್ಕೊಂಡು ನುಂಗೋದು ಇಲ್ವೇ ಇಲ್ಲ. ವಾರಗಟ್ಟಲೆ ಹೀಗೇ ಆದ್ರೆ ಡಾಕ್ಟರ್ ಹತ್ರ ಹೋಗೋದು. ನಿಮ್ಮಲ್ಲಿ ಯಾರಿಗಾದ್ರೂ ಯೋಚನೆ ಹೆಚ್ಚಾಗಿ ನಿದ್ದೆ ಹೋಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನೊಂದು ಹೆದರಿಕೆಗೆ ಮಾತ್ರ ತಯಾರಿ ಇಲ್ಲ. ಮೂರು ತಿಂಗಳಾದ್ಮೇಲೆ ಮನೆಗೆ ಬಂದು, ಕೊನೇ ಮೆಟ್ರೋ ಹೋಗುವಾಗ ಅದು ನನಗೆ ಜೋರಾಗಿ ಕೇಳಿಸಿದ್ರೆ? ಹಾಗಾದ್ರೆ ಒಂದು ರಾತ್ರಿ ಎದ್ದಿರ್ತೀನಿ. ಆದ್ರೆ ಅಪ್ಪನ ಹಾಗೆ ಹೊರಟುಬಿಡಲ್ಲ. ಎರಡನೇ ರಾತ್ರಿಯೂ ಇರ್ತೀನಿ.

ಇದನ್ನ ಕೊಪ್ಪಂಗೂ ಹೇಳಿದೆ. ಈ ರಜೆಗೆ ಊರಲ್ಲಿ ಒಂದು ವಾರ ಇರ್ತಾಳಂತೆ.

ಇವತ್ತು ರಾತ್ರಿ ಫೋನ್ ಇಟ್ಟ ಮೇಲೆ ಒಂದು ಸಲ ಕಿವಿ ಕೊಟ್ಟು ಕೇಳಿ. ನಿಮ್ಮನೇಲಿ ನೀವು ಮಲಗೋ ಮುಂಚೆ ಕೊನೆಗೆ ಕೇಳಿಸೋ ಸದ್ದು ಯಾವುದು? ನಾಳೆ ಬಂದು ಹೇಳಿ. ನಾನು ಎಚ್ಚರ ಇರ್ತೀನಿ. 😄

#ವಿಜಯನಗರ #ಹಂಪಿ #ನಿದ್ದೆ #ನಮ್ಮಮೆಟ್ರೋ #ಬಿಕಾಂಡೈರಿ