ಗುಡ್ಡವಿಲ್ಲದ ಕೋಟೆ

ಕೋಟೆಯೆಂದರೆ ಗುಡ್ಡದ ನೆತ್ತಿಯ ಮೇಲಿರತಕ್ಕದ್ದು ಎಂಬುದು ಬೆಂಗಳೂರಿನಿಂದ ರಜೆಗೆ ಬಂದ ಬಾಲಕನ ದೃಢವಾದ ನಂಬಿಕೆ. ಅವನು ಚಿತ್ರದುರ್ಗವನ್ನು ಕಂಡವನು. ಚೌಡಾಪುರದಲ್ಲಿ ಬೆಳಗಿನ ಬಸ್ಸು ಹತ್ತಿದಾಗಿನಿಂದ ಕಿಟಕಿಗೆ ಮುಖವೊತ್ತಿ ಗುಡ್ಡವನ್ನೇ ಹುಡುಕುತ್ತಿದ್ದ. ಹೊರಗೆ ಕಣ್ಣು ಹರಿಯುವವರೆಗೂ ಉತ್ತು ಬಿಟ್ಟ ಎರೆಹೊಲ. ಅಲ್ಲೊಂದು ಇಲ್ಲೊಂದು ಬೇವಿನ ಮರ.

“ಕಿಲ್ಲಾ ಅದ, ಗುಡ್ಡ ಇಲ್ಲೋ ಮಗಾ,” ಎಂದಳು ಅಜ್ಜಿ.

ಆಕೆಯೂ ಅದರ ಒಳಗೆ ಕಾಲಿಟ್ಟವಳಲ್ಲ. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟ ಎಷ್ಟೋ ಯಾತ್ರಿಕರಿಗೆ ತನ್ನ ಕಟ್ಟೆಯ ಮೇಲೆ ನೀರು ಕೊಟ್ಟು ಕಳುಹಿಸಿದ ಆಕೆ, ಕಲಬುರಗಿಗೆ ಹೋದದ್ದು ಆಸ್ಪತ್ರೆಗೆ, ಬಟ್ಟೆಯ ಅಂಗಡಿಗೆ, ಶರಣಬಸವೇಶ್ವರರ ಜಾತ್ರೆಗೆ, ಅಷ್ಟೇ. “ಒಂದು ದಿನ ಎಲ್ಲರೂ ಕೂಡಿ ನೋಡಿ ಬರೋಣ” ಎಂದು ಮಗ ಹೊರಡಿಸಿದ್ದ. ಅವನ ಕೈಚೀಲದಲ್ಲಿ ಚೌಡಾಪುರದ ಮನೆಯ ಮಾರಾಟದ ಕಾಗದಗಳಿದ್ದವು. ತಾಯಿಯ ಮನಸ್ಸು ಹಗುರಾದ ಗಳಿಗೆ ನೋಡಿ ಮಾತು ತೆಗೆಯಬೇಕು, ಬೆಂಗಳೂರಿಗೆ ಕರೆದೊಯ್ಯಬೇಕು ಎಂಬುದು ಅವನ ಎಣಿಕೆ.

ಮೊದಲು ಗುಡಿ. 1822ರಲ್ಲಿ ಲಿಂಗೈಕ್ಯರಾದ ದಾಸೋಹಿ ಶರಣರಿಗೆ ಕೈಮುಗಿದು, ಕೆರೆಯ ಬಳಿ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಗ ಬಾಯಿ ತೆರೆದ. ರೊಟ್ಟಿಯ ಚೂರನ್ನೇ ಇಟ್ಟುಕೊಂಡ.

1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲ್ಲಾವುದ್ದೀನ್ ಹಸನನು ಈ ಬಯಲಿನ ಊರನ್ನೇ ರಾಜಧಾನಿಯನ್ನಾಗಿ ಆರಿಸಿದ. ಗುಡ್ಡ ಕೊಡದ ಆಸರೆಯನ್ನು ಇಲ್ಲಿ ಕಂದಕ ಮತ್ತು ಇಮ್ಮಡಿ ಗೋಡೆಗಳು ಕೊಟ್ಟಿವೆ. ಬಾಲಕ ಮೊದಮೊದಲು ಮುಖ ಗಂಟಿಕ್ಕಿಕೊಂಡೇ ನಡೆದ. ಆದರೆ 29 ಅಡಿ ಉದ್ದದ ಬಾರಾ ಗಜಿ ತೋಪು ಕಂಡದ್ದೇ ತಡ, ಚಿತ್ರದುರ್ಗ ಮರೆತುಹೋಯಿತು. ತನ್ನ ಪುಟ್ಟ ಹೆಜ್ಜೆಗಳಿಂದ ಅದನ್ನು ಮೂರು ಸಲ ಅಳೆದ. ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು!

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಜ್ಜಿಯನ್ನು ಮೆಲ್ಲನೆ ಜಾಮಿ ಮಸೀದಿಗೆ ಕರೆತಂದರು. 1367ರ ಕಟ್ಟಡ, ಕಟ್ಟಿಸಿದ ರಫೀ ಪರ್ಷಿಯಾದ ಕಜ್ವೀನ್ ಊರಿನವನೆಂದು ಶಾಸನವಿದೆ. ಸಾಮಾನ್ಯವಾಗಿ ಮಸೀದಿಯಲ್ಲಿ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳದ ಜಾಗಕ್ಕೂ ಗುಮ್ಮಟಗಳ ಮಾಡು. ಸಾಲುಸಾಲು ಕಮಾನುಗಳ ನಡುವೆ ತಂಪು ನಿಂತಿತ್ತು. ಅಜ್ಜಿ ಕಂಬಕ್ಕೊರಗಿ ಸೆರಗಿನಿಂದ ಬೆವರೊರಸಿಕೊಂಡಳು.

“ಎಲ್ಲಿಂದಲೋ ಬಂದವ, ಈ ಊರ ಬಿಸಲು ತಿಳಕೊಂಡಾನ. ಅದಕ್ಕೇ ಅಂಗಳಕ್ಕೂ ಮಾಡು ಹೊದಿಸ್ಯಾನ.”

ಪಂಡಿತರು ಬೇರೆ ಕಾರಣ ಹೇಳಿಯಾರು. ಆ ಹೊತ್ತಿನಲ್ಲಿ, ಆ ನೆರಳಿನಲ್ಲಿ ಕುಳಿತು ಆಕೆಯ ಮಾತನ್ನು ಅಲ್ಲಗಳೆಯುವುದು ಕಷ್ಟವಿತ್ತು.

“ಇಷ್ಟೆಲ್ಲಾ ಕಟ್ಟಿದವರು ಎಲ್ಲಿ ಹೋದರಪ್ಪ?”

“ಬೀದರಕ್ಕವ್ವ. ಮುಂದೆ ಅಹಮದ್ ಶಹಾ ರಾಜಧಾನೀನ ಅಲ್ಲಿಗೆ ಒಯ್ದ.”

“ಇದನ್ನ ಬಿಟ್ಟೇ ಹೋದರೇನು?”

“ಇದನ್ನ ಹೊತ್ತುಕೊಂಡು ಹೋಗಲಿಕ್ಕಾಗತದೇನವ್ವ?”

ಆಡಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು. ತೊಡೆಯ ಮೇಲಿದ್ದ ಕೈಚೀಲವನ್ನು ಪಕ್ಕಕ್ಕಿಟ್ಟ. ಸೊಸೆ ಕಣ್ಣಿನಲ್ಲೇ ಏನೋ ಕೇಳಿದಳು. ಅವನು ತಲೆಯಾಡಿಸಿ ಬೇಡವೆಂದ. ಅಜ್ಜಿ ಬಹಳ ಹೊತ್ತು ಮೇಲಿನ ಗುಮ್ಮಟವನ್ನೇ ನೋಡುತ್ತಿದ್ದಳು.

ಸಂಜೆ ಚೌಡಾಪುರದಲ್ಲಿ ಇಳಿದಾಗ ಗಾಣಗಾಪುರಕ್ಕೆ ಹೊರಟ ನಾಲ್ಕಾರು ಯಾತ್ರಿಕರು ಗಂಟುಮೂಟೆಗಳೊಡನೆ ವಾಹನಕ್ಕಾಗಿ ಕಾದಿದ್ದರು. ನಿದ್ದೆಗಣ್ಣಿನ ಮೊಮ್ಮಗನ ಕೈ ಹಿಡಿದು ಅಜ್ಜಿ ಮುಂದೆ ನಡೆದಳು. ಮನೆಯ ಬೀಗ ತೆಗೆಯುತ್ತ, ಮಗನ ಕಡೆ ತಿರುಗದೆಯೇ ಕೇಳಿದಳು:

“ಬೀದರಕ್ಕ ಬಸ್ಸಿಗೆ ಎಷ್ಟು ಹೊತ್ತಪ್ಪ? ಅವರು ಹೋದ ಊರು ಹ್ಯಾಂಗದ, ಒಮ್ಮೆ ನೋಡಿ ಬರೋಣು.”