ಅಪ್ಪನ ಕಿವಿ

ನಮ್ಮ ತಂದೆಯವರಿಗೆ ರಾತ್ರಿ ಹತ್ತರ ಮೇಲೆ ಮಲ್ಲಿಕಾರ್ಜುನ ಮನಸೂರರ ಗಾಯನ ಬೇಕು. ಅದೇ ಹೊತ್ತಿಗೆ ಮಗಳ ಓದಿಗೆ ಮೌನ ಬೇಕು. ಈ ಇಕ್ಕಟ್ಟು ತೀರಲೆಂದು ತಮ್ಮನು ಒಳ್ಳೆಯ ಹೆಡ್‌ಫೋನೊಂದನ್ನು ಕಳುಹಿಸಿದನು. ಮೊಬೈಲಿಗೆ ಸಿಕ್ಕಿಸಿ ಕೊಟ್ಟರೆ, "ಬಾವಿಯ ತಳದಲ್ಲಿ ಹಾಡಿದ ಹಾಗಿದೆಯಪ್ಪಾ" ಎಂದರು. ಅವರ ಕಿವಿಯೇ ಮಂದವಾಯಿತೆಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟೆನು.

ಆದರೂ ಮನಸ್ಸು ತಡೆಯದೆ ಒಂದು ಡಿಜಿಟಲ್ ಪರಿವರ್ತಕವನ್ನು ಕೊಂಡೆನು. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವುದು ಅದರ ಕೆಲಸ. ಸೀಡಿಯ ಸಂಗೀತವೆಂದರೆ ಸೆಕೆಂಡಿಗೆ 44,100 ಸಲ ತೆಗೆದ ಅಳತೆಗಳ ಸಾಲು ತಾನೆ! ಆದರೆ ಆ ಕೆಲಸವನ್ನು ಮೊಬೈಲು ಆಗಲೇ ಸಾಕಷ್ಟು ಚೆನ್ನಾಗಿ ಮಾಡುತ್ತಿತ್ತು. ಹಣ ಹೋಯಿತು, ಬಾವಿ ಹೋಗಲಿಲ್ಲ.

ಕೊರತೆಯಿದ್ದುದು ಬಲದಲ್ಲಿ. ಹೆಡ್‌ಫೋನಿನ ಡಬ್ಬದ ಮೇಲೆ 300 ಓಮ್ ಎಂದು ಅಚ್ಚಾಗಿದ್ದುದನ್ನು ನಾನು ಗಮನಿಸಿಯೇ ಇರಲಿಲ್ಲ. ಅರ್ಧ ವೋಲ್ಟು ಕೊಟ್ಟರೆ 32 ಓಮಿನ ಹೆಡ್‌ಫೋನಿಗೆ ಸುಮಾರು 8 ಮಿಲಿವ್ಯಾಟ್ ದಕ್ಕುತ್ತದೆ. 300 ಓಮಿನದಕ್ಕೆ ಒಂದೂ ಇಲ್ಲ. ಆ ಹಳೆಯ ಧ್ವನಿಮುದ್ರಣಗಳೋ ಮೊದಲೇ ಮೆಲುದನಿಯವು. ಬೇಕಾಗಿದ್ದುದು ನಾಲ್ಕು ವೋಲ್ಟಿನಷ್ಟಾದರೂ ಕೊಡಬಲ್ಲ ಆಂಪ್ಲಿಫೈಯರು. (16 ಓಮಿನ ಇಯರ್‌ಫೋನು ಉಳ್ಳವರ ಚಿಂತೆ ಬೇರೆ: ಆಂಪ್ಲಿಫೈಯರಿನ ಔಟ್‌ಪುಟ್ ಪ್ರತಿರೋಧ 2 ಓಮಿನೊಳಗಿದ್ದರೆ ಕ್ಷೇಮ, ಇಲ್ಲವಾದರೆ ಸ್ವರಗಳ ತೂಕ ಏರುಪೇರಾದೀತು.)

ಅದು ಬಂದ ರಾತ್ರಿ ಗುಂಡಿಯನ್ನು ಮೆಲ್ಲನೆ ತಿರುಗಿಸಿದೆನು. ತಂದೆಯವರು ಕಣ್ಣು ಮುಚ್ಚಿಕೊಂಡರು. "ತಂಬೂರಿ ಕೇಳಿಸುತ್ತಿದೆ" ಎಂದರು. ತುಸು ಹೊತ್ತಿನ ಮೇಲೆ, "ಅಷ್ಟು ಜೋರು ಬೇಡಪ್ಪಾ, ನಾನೇನು ಕಿವುಡನೇ?" ಎಂದರು.